ಹಿಂದೆ ಕೂತವರನ್ನು ನೆನೆದು ವಿಮೆ ಮಾಡಿಸಿ

ಕೆಎ-64 ನಂಬರಿನ ಗಾಡಿ ಇಟ್ಟುಕೊಂಡಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ನಮ್ಮ ಹುಡುಗ ಹುಡುಗಿಯರಿಗೆ ಈ ಮಾತು. ಹೊಸ ಬೈಕು ತಂದ ದಿನ ಗೊರವನಹಳ್ಳಿಗೋ ಪಾವಗಡದ ಶನಿಮಹಾತ್ಮನ ಗುಡಿಗೋ ಹೋಗಿ ಪೂಜೆ ಮಾಡಿಸುತ್ತೀರಿ, ಚಕ್ರದಡಿ ನಿಂಬೆಹಣ್ಣು ಇಡುತ್ತೀರಿ. ಒಳ್ಳೆಯದು. ಆದರೆ ಶೋರೂಮಿನವರು ಕವರಿನಲ್ಲಿ ಹಾಕಿಕೊಟ್ಟ ವಿಮೆ ಕಾಗದವನ್ನು ಓದಿದ್ದೀರಾ? ಕೇಳಿದರೆ ‘ಐದು ವರ್ಷ ಇನ್ಶೂರೆನ್ಸ್ ಇದೆ ಬಿಡಿ’ ಅನ್ನುತ್ತೀರಿ.

ಆ ಐದು ವರ್ಷ ಯಾತಕ್ಕೆ ಅಂತ ನೋಡಬೇಕು. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ 5 ವರ್ಷ, ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಿಸಿಕೊಳ್ಳುತ್ತಾರೆ. ನಿಮ್ಮ ಗಾಡಿಯ ನಷ್ಟಕ್ಕೆ ಇರುವ ‘ಓಡಿ’ ಭಾಗ ಸಾಮಾನ್ಯವಾಗಿ ಒಂದೇ ವರ್ಷದ್ದು. ಎರಡನೇ ವರ್ಷ ಅದನ್ನು ನವೀಕರಿಸದಿದ್ದರೆ ಕೈಯಲ್ಲಿ ಉಳಿಯುವುದು ಬರೀ ಥರ್ಡ್ ಪಾರ್ಟಿ. ಕಾಗದದಲ್ಲಿ ಎರಡಕ್ಕೂ ಬೇರೆ ಬೇರೆ ತಾರೀಖು ಅಚ್ಚಾಗಿರುತ್ತದೆ, ಇವತ್ತೇ ತೆಗೆದು ನೋಡಿ.

ಥರ್ಡ್ ಪಾರ್ಟಿಯನ್ನು ಕಡೆಗಣಿಸಬೇಡಿ. ನಿಮ್ಮ ಗಾಡಿಯಿಂದ ದಾರಿಯಲ್ಲಿ ಹೋಗುವವರ ಕೈಕಾಲು ಮುರಿದರೆ, ಜೀವ ಹೋದರೆ, ಪರಿಹಾರ ಎಷ್ಟೇ ಆಗಲಿ ಕಂಪನಿ ಕೊಡಬೇಕು, ಅದಕ್ಕೆ ಮಿತಿಯಿಲ್ಲ. ನೂರು ಸಿಸಿ ಬೈಕಿಗೆ 2022ರ ಜೂನ್‌ನಲ್ಲಿ ಗೊತ್ತುಮಾಡಿದ ದರ ವರ್ಷಕ್ಕೆ 714 ರೂಪಾಯಿ, ಮೇಲೆ ಜಿಎಸ್‌ಟಿ. ಇಷ್ಟನ್ನು ಉಳಿಸಲು ಹೋಗಿ ವಿಮೆಯಿಲ್ಲದೆ ಓಡಿಸುವವರು ಪೊಲೀಸರ ದಂಡವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ವಿಮೆಯಿಲ್ಲದ ಗಾಡಿಯಿಂದ ಅಪಘಾತವಾದರೆ ಪರಿಹಾರ ಮಾಲೀಕನ ತಲೆಗೇ ಬರುತ್ತದೆ. ಅದನ್ನು ಕಟ್ಟದಿದ್ದರೆ ಅಪಘಾತ ಪರಿಹಾರ ನ್ಯಾಯಮಂಡಳಿ ಜಿಲ್ಲಾಧಿಕಾರಿಗೆ ಬರೆದು, ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿಸಬಹುದು. ಅಪ್ಪ ಬಿಟ್ಟುಹೋದ ಎರಡೆಕರೆ ಹೀಗೆ ಕೈತಪ್ಪಬಾರದು.

ಈಗ ನಾನು ಮುಖ್ಯವಾಗಿ ಹೇಳಬೇಕಾದ್ದು. ನಮ್ಮ ಕಡೆ ಬೈಕು ಒಬ್ಬರ ಗಾಡಿಯಲ್ಲ. ಅವ್ವನನ್ನು ಆಸ್ಪತ್ರೆಗೆ, ಹೆಂಡತಿಯನ್ನು ದಂಡಿನ ಮಾರಮ್ಮನ ಜಾತ್ರೆಗೆ, ತಂಗಿಯನ್ನು ಕಾಲೇಜಿನ ಬಸ್ಸಿಗೆ ಅದರಲ್ಲೇ ಬಿಡುತ್ತೀರಿ. ನಿಮ್ಮ ತಪ್ಪಿನಿಂದಲೇ ಬೈಕು ಬಿದ್ದು ಹಿಂದೆ ಕೂತವರಿಗೆ ಏಟಾದರೆ ಬರೀ ಥರ್ಡ್ ಪಾರ್ಟಿ ಪಾಲಿಸಿ ಅವರಿಗೆ ಆಗುವುದಿಲ್ಲ. ಸುಪ್ರೀಂ ಕೋರ್ಟ್ 2006ರಲ್ಲಿ ತಿಲಕ್ ಸಿಂಗ್ ಎಂಬವರ ಪ್ರಕರಣದಲ್ಲಿ ಹೇಳಿದ್ದು ಇದನ್ನೇ. ಕಾಂಪ್ರಹೆನ್ಸಿವ್, ಅಂದರೆ ಥರ್ಡ್ ಪಾರ್ಟಿಯೂ ಓಡಿಯೂ ಸೇರಿದ ಪ್ಯಾಕೇಜ್ ಪಾಲಿಸಿ ಇದ್ದರೆ ಬೈಕಿನ ಹಿಂಬದಿ ಸವಾರರೂ ಕಾರಿನೊಳಗೆ ಕೂತವರೂ ಅದರ ರಕ್ಷಣೆಗೆ ಬರುತ್ತಾರೆ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2009ರ ನವೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿ ಸ್ಪಷ್ಟಪಡಿಸಿತು. ಫುಲ್ ಇನ್ಶೂರೆನ್ಸ್ ಬೇಕೋ ಬೇಡವೋ ಅಂತ ಚರ್ಚೆ ಮಾಡುವಾಗ ಎಲ್ಲರೂ ಬಂಪರ್, ಹೆಡ್‌ಲೈಟು ಅಂತಾರೆ, ಹಿಂದಿನ ಸೀಟಿನ ಮಾತು ಎತ್ತುವವರೇ ಇಲ್ಲ. ನನಗೆ ಸಂಕಟವಾಗುವುದು ಅಲ್ಲಿ.

ಹಾಗಂತ ಎಲ್ಲರೂ ಕಾಂಪ್ರಹೆನ್ಸಿವ್ ಮಾಡಿಸಿ ಅನ್ನಲಾರೆ. ಐಡಿವಿ ಅಂತ ಇರುತ್ತದಲ್ಲ, ಗಾಡಿ ಕಳೆದರೆ ಕಂಪನಿ ಕೊಡುವ ಬೆಲೆ, ಅದು ವರ್ಷ ವರ್ಷ ಇಳಿಯುತ್ತದೆ. ನಾಲ್ಕು ವರ್ಷ ದಾಟಿದ ಗಾಡಿಗೆ ಮೂಲ ಬೆಲೆಯ ಅರ್ಧ. ಹತ್ತು ವರ್ಷದ ಹಳೇ ಬೈಕಿನಲ್ಲಿ ಒಬ್ಬರೇ ತೋಟಕ್ಕೆ ಹೋಗಿಬರುವವರಿಗೆ ಥರ್ಡ್ ಪಾರ್ಟಿ ಸಾಕು. ಅಪರೂಪಕ್ಕೆ ಯಾರನ್ನಾದರೂ ಕೂರಿಸಿಕೊಳ್ಳುವುದಿದ್ದರೆ ಹಿಂಬದಿ ಸವಾರರ ಅಪಘಾತ ವಿಮೆಯನ್ನು ಸೇರಿಸಲು ಹೇಳಿ, ಖರ್ಚು ಹೆಚ್ಚಿಲ್ಲ. ಸಾಲದಲ್ಲಿ ತಂದ ಗಾಡಿ, ಶಿರಾ ಹೈವೇಯಲ್ಲಿ ದಿನಾ ಓಡುವ ಕಾರು, ತಿಮ್ಮಲಾಪುರದ ಕಾಡಂಚಿನಲ್ಲಿ ರಾತ್ರಿ ತಿರುಗುವ ಬೈಕು, ಇವಕ್ಕೆ ಕಾಂಪ್ರಹೆನ್ಸಿವ್ ಬೇಕೇ ಬೇಕು. ಕಾಡುಹಂದಿ ಅಡ್ಡ ಬಂದು ಗಾಡಿ ನುಜ್ಜಾದರೆ ಥರ್ಡ್ ಪಾರ್ಟಿಯಲ್ಲಿ ನಿಮಗೆ ಬಿಡಿಗಾಸೂ ಸಿಗುವುದಿಲ್ಲ.

2022ರಲ್ಲಿ ಜಯಮಂಗಲಿ ಉಕ್ಕಿ ಹರಿದದ್ದು ನೆನಪಿದೆಯಲ್ಲ? ನೆರೆಯಲ್ಲಿ ಹಾಳಾದ ಗಾಡಿಗೂ ಕಾಂಪ್ರಹೆನ್ಸಿವ್‌ನಲ್ಲಿ ಪರಿಹಾರ ಉಂಟು. ಆದರೆ ನೀರಲ್ಲಿ ನಿಂತ ಕಾರಿಗೆ ಕೀ ತಿರುಗಿಸಿ ಸೆಲ್ಫ್ ಹೊಡೆದರೆ ಇಂಜಿನ್ ನೀರನ್ನು ಒಳಗೆಳೆದುಕೊಂಡು ಕನೆಕ್ಟಿಂಗ್ ರಾಡ್ ಬಾಗಬಹುದು. ಅದು ನೀವೇ ಮಾಡಿಕೊಂಡದ್ದು ಅಂತ ಕಂಪನಿ ಕೈ ತೊಳೆದುಕೊಳ್ಳುತ್ತದೆ, ಅದಕ್ಕೆ ಇಂಜಿನ್ ರಕ್ಷಣೆಯನ್ನು ಬೇರೆಯಾಗಿ ಕೊಂಡಿರಬೇಕು. ಕೀ ಮುಟ್ಟಬೇಡಿ, ಫೋಟೋ ತೆಗೆದು ಕಂಪನಿಗೆ ತಿಳಿಸಿ, ಎಳೆಸಿಕೊಂಡು ಹೋಗಿ.

ಟ್ರ್ಯಾಕ್ಟರ್ ಇರುವ ಮನೆಯವರಿಗೆ ಇನ್ನೊಂದು ಮಾತು. ಶೇಂಗಾ ಕೀಳುವ ಕಾಲಕ್ಕೆ ಪಾವಗಡ, ಶಿರಾ ಕಡೆ ಟ್ರೈಲರ್ ತುಂಬ ಕೂಲಿ ಹೆಣ್ಣುಮಕ್ಕಳನ್ನು ಹತ್ತಿಸುತ್ತೇವೆ. ಟ್ರ್ಯಾಕ್ಟರಿಗೆ ಇರುವುದು ಚಾಲಕನ ಸೀಟು ಒಂದೇ. ಟ್ರೈಲರಿನಲ್ಲಿ ಕೂತವರಿಗೆ ಏಟಾದರೆ ಕಂಪನಿ ತನ್ನ ಹೊಣೆಯಲ್ಲ ಅನ್ನುತ್ತದೆ, ಕಾನೂನೂ ಬಹುಪಾಲು ಅದರ ಕಡೆಗೇ. ಕಾಂಪ್ರಹೆನ್ಸಿವ್ ಮಾಡಿಸಿದ್ದೇನೆ ಅಂದರೂ ನಡೆಯದು. ಪರಿಹಾರದ ಭಾರ ಮಾಲೀಕನ ತಲೆಗೆ, ಕೂಲಿಯವರ ಮಕ್ಕಳು ವರ್ಷಗಟ್ಟಲೆ ಕೋರ್ಟಿಗೆ. ಇದು ಟ್ರ್ಯಾಕ್ಟರಿನ ಮಾತಷ್ಟೇ ಅಲ್ಲ. 2022ರ ಆಗಸ್ಟ್ 25ರ ಬೆಳಗಿನ ಜಾವ ಕಳ್ಳಂಬೆಳ್ಳದ ಹತ್ತಿರ ಕ್ರೂಸರ್ ಅಪಘಾತದಲ್ಲಿ ಕೂಲಿಗೆ ಹೊರಟಿದ್ದ ರಾಯಚೂರು ಕಡೆಯ 9 ಮಂದಿ ಸತ್ತರು. ದುಡಿದು ತಿನ್ನುವ ಜೀವಗಳನ್ನು ನಾವು ಇನ್ನಷ್ಟು ಜೋಪಾನವಾಗಿ ಕರೆದೊಯ್ಯಬೇಕು. ಆಟೋ ಮಾಡಿ, ಸೀಟಿಗೆ ತಕ್ಕಷ್ಟೇ ಜನ ಕೂರಿಸಿ, ಎರಡು ಟ್ರಿಪ್ ಆದರೂ ಆಗಲಿ.

ನವೀಕರಣದ ತಾರೀಖು ತಪ್ಪಿಸಬೇಡಿ. ಕ್ಲೇಮು ಮಾಡದ ವರ್ಷಗಳಿಗೆ ಎನ್‌ಸಿಬಿ ರಿಯಾಯಿತಿ ಶೇಕಡ 20ರಿಂದ 50ರವರೆಗೆ ಏರುತ್ತದೆ, ಅವಧಿ ಮುಗಿದು 90 ದಿನ ಕಳೆದರೆ ಅಷ್ಟೂ ಹೋಯಿತು. ಚಿಕ್ಕಪುಟ್ಟ ಗೀರಿಗೆಲ್ಲ ಕ್ಲೇಮು ಹಾಕಿ ಅದನ್ನು ಕಳೆದುಕೊಳ್ಳಲೂ ಬೇಡಿ. ಮಾಲೀಕ ಚಾಲಕನಿಗೆ 15 ಲಕ್ಷದ ಅಪಘಾತ ವಿಮೆ ಪಾಲಿಸಿಯಲ್ಲಿದೆಯೇ, ನಾಮಿನಿ ಹೆಸರು ಸರಿಯಿದೆಯೇ ನೋಡಿ. ಡಿಎಲ್ ಇಲ್ಲದ ಮಾಲೀಕನಿಗೆ ಈ 15 ಲಕ್ಷ ದಕ್ಕುವುದಿಲ್ಲ, ಹಾಗಾಗಿ ಡಿಎಲ್ ಇಲ್ಲದವರು ಮೊದಲು ಮಧುಗಿರಿ ಆರ್‌ಟಿಒ ಕಚೇರಿಗೆ ಹೋಗಿಬನ್ನಿ.