ಕಾರಿನೊಳಗಿನ ಮಳೆಗೆ ಎಷ್ಟು ಕೊಡಬೇಕು?

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಮೇ ತಿಂಗಳ ಸಂಜೆ ಬೆಂಗಳೂರಿನಲ್ಲಿ ಗುಡುಗಿ ಸುರಿಯುವ ಜೋರು ಮಳೆ 50 ಮಿಲಿಮೀಟರ್ ಮುಟ್ಟುವುದುಂಟು. ಕಾರಿನ ಸನ್‌ರೂಫ್ ಗಾಜು ಅರ್ಧ ಚದರ ಮೀಟರಿಗೂ ಕಡಿಮೆ ಎಂದಿಟ್ಟುಕೊಂಡರೂ ಅದರ ಮೇಲೆ ಬೀಳುವುದು 20 ಲೀಟರ್ ಆಸುಪಾಸು. ಹೆಚ್ಚಿನದು ಗಾಜಿನ ಮೇಲಿಂದಲೇ ಜಾರಿ ಹೋಗುತ್ತದೆ. ಉಳಿದದ್ದು ಬೀಡಿಂಗ್ ದಾಟಿ ಒಳಗಿಳಿಯುತ್ತದೆ. ಹಾಗೆ ಇಳಿಯುತ್ತದೆ ಎಂದು ಗೊತ್ತಿದ್ದೇ ಕಾರು ತಯಾರಕರು ಸನ್‌ರೂಫ್ ಕಟ್ಟಿರುತ್ತಾರೆ.

ಹಳೆಯ ಕಾರಿನ ಮಾಲೀಕರಿಗೆ ಯಾರೂ ಹೇಳದ ಸಂಗತಿ ಇದು. ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ನೀರನ್ನು ಕಡಿಮೆ ಮಾಡುತ್ತದೆಯೇ ಹೊರತು ಪೂರ್ತಿ ತಡೆಯುವುದಿಲ್ಲ. ನುಸುಳಿದ ನೀರನ್ನು ಹಿಡಿಯಲು ಗಾಜಿನ ಕೆಳಗೆ ಒಂದು ಕಾಲುವೆ ಇದೆ. ಕಾಲುವೆಯ ಮೂಲೆಗಳಲ್ಲಿ ತೂತು, ತೂತಿಗೆ ಕಿರುಬೆರಳಿನಷ್ಟೂ ದಪ್ಪವಿರದ ಪೈಪು. ಮುಂದಿನ ಎರಡು ಪೈಪು ವಿಂಡ್‌ಶೀಲ್ಡ್ ಪಕ್ಕದ ಪಿಲ್ಲರ್ ಒಳಗಿಂದ ಇಳಿದು ಬಾಗಿಲಿನ ಕೀಲಿನ ಹತ್ತಿರವೋ ಮುಂದಿನ ಚಕ್ರದ ಹಿಂದೆಯೋ ನೀರನ್ನು ಹೊರಗೆ ಬಿಡುತ್ತವೆ. ಹಿಂದಿನವು ಇದ್ದರೆ ಡಿಕ್ಕಿಯ ಪಕ್ಕದಿಂದ ಇಳಿದು ಬಂಪರ್ ಹಿಂದೆ ಮುಗಿಯುತ್ತವೆ. ಹೊರಗಿನ ತುದಿಗೆ ಹುಳ, ಧೂಳು ಹತ್ತದಿರಲೆಂದು ಕೆಲವು ಕಾರುಗಳಲ್ಲಿ ಸಣ್ಣ ಸೀಳಿರುವ ರಬ್ಬರ್ ಮೂತಿ ಹಾಕಿರುತ್ತಾರೆ. ಕೆಸರು ಮೊದಲು ಕಟ್ಟಿಕೊಳ್ಳುವುದು ಬಹಳ ಸಲ ಅಲ್ಲೇ.

ಹೊಂಗೆ ಹೂವು, ಗುಲ್‌ಮೊಹರಿನ ಪುಟ್ಟ ಎಲೆ, ರಸ್ತೆಯ ಧೂಳು ಇವೆಲ್ಲ ಮೊದಲ ಮಳೆಗೆ ನೆನೆದು ಪೈಪಿಗಿಳಿಯುತ್ತವೆ. ಬೇಸಿಗೆಯಲ್ಲಿ ಒಣಗಿ ಬಿರಡೆಯಾಗುತ್ತವೆ. ಹೊಸದರಲ್ಲಿ ತೊಂದರೆ ಕಾಣುವುದಿಲ್ಲ. ಏಳೆಂಟು ವರ್ಷ ಮರದ ಕೆಳಗೆ ನಿಂತ ಕಾರಿನಲ್ಲಿ ಒಂದು ಮಳೆಗಾಲಕ್ಕೆ ಕಾಲುವೆ ತುಂಬಿ ಉಕ್ಕುತ್ತದೆ. ಉಕ್ಕಿದ ನೀರು ರೂಫ್ ಬಟ್ಟೆಯ ಮೇಲೆ ಹರಡಿ, ಪಿಲ್ಲರ್ ಹಿಡಿದು ಇಳಿದು, ಕಾಲಿಡುವ ಜಾಗದ ಮ್ಯಾಟಿಂಗ್ ಕೆಳಗೆ ಸೇರುತ್ತದೆ. ಅಲ್ಲಿ ದಪ್ಪ ಸ್ಪಂಜು ಇದೆ. ಮೇಲಿನ ಬಟ್ಟೆ ಒಣಗಿದಂತೆ ಕಂಡರೂ ಸ್ಪಂಜು ವಾರಗಟ್ಟಲೆ ನೀರು ಹಿಡಿದಿಟ್ಟುಕೊಳ್ಳುತ್ತದೆ.

ಈ ಅಂಕಣಕಾರ್ತಿಯ ಮನೆಯ ಕಾರು 2012ರ ಮಾದರಿಯ ಸೆಡಾನ್. ಅದು ನಿಲ್ಲುವುದು ಬನಶಂಕರಿಯ ಒಂದು ಹೊಂಗೆ ಮರದ ಕೆಳಗೆ. ಕಾರಿನಲ್ಲಿ ಮುಗ್ಗಲು ವಾಸನೆ, ಬೆಳಿಗ್ಗೆ ಗಾಜುಗಳ ಒಳಮೈಗೆ ಮಂಜು, ಎಡಗಡೆ ಮುಂದಿನ ಮ್ಯಾಟ್ ಒತ್ತಿದರೆ ನೀರು. ಸರ್ವಿಸ್ ಸೆಂಟರ್ ಒಂದು ಸನ್‌ರೂಫಿನ ಇಡೀ ಸೆಟ್, ಬೀಡಿಂಗ್, ರೂಫ್ ಬಟ್ಟೆ ಎಲ್ಲ ಬದಲಿಸಬೇಕೆಂದು ಸುಮಾರು 80,000 ರೂಪಾಯಿಯ ಎಸ್ಟಿಮೇಟ್ ಕೊಟ್ಟಿತು. ಆಗ ವಿಮೆ ಪಾಲಿಸಿಯಲ್ಲಿ ಆ ಕಾರಿಗೆ ಬರೆದಿದ್ದ ಬೆಲೆ ಎರಡು ಲಕ್ಷದೊಳಗೆ. ಕಾರಿನ ಬೆಲೆಯ ಶೇ 40ರಷ್ಟು ಹಣ ಕೇಳುವ ಕಾಗದದಲ್ಲಿ ನೀರು ಎಲ್ಲಿಂದ ಬರುತ್ತಿದೆ ಎನ್ನುವುದಕ್ಕೆ ಒಂದು ಸಾಲೂ ಇರಲಿಲ್ಲ. ಆಕೆ ಸಹಿ ಹಾಕದಿದ್ದುದು ಅದಕ್ಕೇ.

ಬಡಾವಣೆಯ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಕೇಳಿದ್ದು ಒಂದು ಲೋಟ ನೀರು. ಸನ್‌ರೂಫ್ ತೆರೆದು, ಮುಂದಿನ ಮೂಲೆಯ ತೂತಿನ ಹತ್ತಿರ ನಿಧಾನವಾಗಿ ಹೊಯ್ದರು. ಬಲಗಡೆ ಹೊಯ್ದ ನೀರು ಕೆಲವೇ ಕ್ಷಣದಲ್ಲಿ ಚಕ್ರದ ಹಿಂದೆ ತೊಟ್ಟಿಕ್ಕಿತು. ಎಡಗಡೆ ಹೊಯ್ದದ್ದು ಕಾಲುವೆಯಲ್ಲೇ ನಿಂತಿತು. "ಮೇಡಂ, ಗ್ಲಾಸು, ಬೀಡಿಂಗು ಎಲ್ಲ ಚೆನ್ನಾಗಿದೆ. ಪೈಪ್ ಕಟ್ಟಿಕೊಂಡಿದೆ, ಅಷ್ಟೆ," ಎಂದರು.

ಕೆಲಸ ಮಾಡಿದ್ದು ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ನೈಲಾನ್ ದಾರ. ಅದರ ತುದಿಯನ್ನು ಬೆಂಕಿಗೆ ಹಿಡಿದು ಗುಂಡಗೆ ಮಾಡಿ, ಮೇಲಿಂದ ಮೆಲ್ಲಗೆ ತಳ್ಳುತ್ತ, ತಿರುಗಿಸುತ್ತ ಇಳಿಸಿದರು. ಕೆಳಗಿನ ರಬ್ಬರ್ ಮೂತಿಯಿಂದ ಕಪ್ಪು ಕೆಸರು ಬಂತು. ಆಮೇಲೆ ಉಗುರುಬೆಚ್ಚಗಿನ ನೀರು. ಕಬ್ಬಿಣದ ತಂತಿಯನ್ನು ಅವರು ಮುಟ್ಟಲಿಲ್ಲ. ಹಳೆಯ ಪೈಪನ್ನು ತಂತಿ ಚುಚ್ಚಿಬಿಟ್ಟರೆ ಸೋರಿಕೆ ಪಿಲ್ಲರ್ ಒಳಗೇ ಶುರುವಾಗುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನು ಜೋರಾಗಿ ಬಿಡುವುದೂ ಅಪಾಯ. ಒತ್ತಡಕ್ಕೆ ಮೇಲಿನ ಜೋಡಣೆ ಕಳಚಿಕೊಂಡರೆ ಅದನ್ನು ಮತ್ತೆ ಕೂರಿಸಲು ರೂಫ್ ಬಟ್ಟೆಯನ್ನೇ ಇಳಿಸಬೇಕಾಗುತ್ತದೆ, ಲೇಬರ್ ಅಲ್ಲಿಂದಲೇ ಬೆಳೆಯುತ್ತದೆ.

ಪೈಪ್ ಬಿಡಿಸಿದ್ದಕ್ಕೆ ತಗುಲಿದ್ದು ನೂರರ ಲೆಕ್ಕದ ಹಣ. ದೊಡ್ಡ ಖರ್ಚು ಒಣಗಿಸಿದ್ದಕ್ಕೆ: ಮುಂದಿನ ಸೀಟು ಬಿಚ್ಚಿ, ಮ್ಯಾಟಿಂಗ್ ಎತ್ತಿ, ಸ್ಪಂಜಿನ ನೀರು ಹಿಂಡಿ ಬಿಸಿಲಿಗೆ ಹಾಕಿ, ನೆಲದ ತಗಡಿನಲ್ಲಿ ಕಂಡ ತುಕ್ಕನ್ನು ಉಜ್ಜಿ ಪ್ರೈಮರ್ ಬಳಿದದ್ದು. ಎಲ್ಲ ಸೇರಿ 5,000 ರೂಪಾಯಿಯ ಒಳಗೆ. ಈ ಭಾಗದಲ್ಲಿ ಹಣ ಉಳಿಸಲು ಹೋಗಬಾರದು. ಸೀಟಿನ ಕೆಳಗೆ, ಮ್ಯಾಟಿಂಗ್ ಅಡಿಯಲ್ಲಿ ವೈರಿಂಗ್ ಹಾದುಹೋಗಿರುತ್ತದೆ. ಕೆಲವು ಕಾರುಗಳಲ್ಲಿ ಎಲೆಕ್ಟ್ರಾನಿಕ್ ಪೆಟ್ಟಿಗೆಗಳೂ ಅಲ್ಲೇ ಇರುತ್ತವೆ. ತೇವದಲ್ಲಿ ಅವುಗಳ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದರೆ ಬರುವ ಬಿಲ್ಲು ಪೈಪಿನ ಬಿಲ್ಲಿಗಿಂತ ಹತ್ತಾರು ಪಟ್ಟು. ಇನ್ನೊಂದು ಎಚ್ಚರಿಕೆ: ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಏರ್‌ಬ್ಯಾಗಿಗೆ ಸಂಬಂಧಿಸಿದ್ದು. ಬ್ಯಾಟರಿ ಕಳಚಿ, ಸ್ವಲ್ಪ ಹೊತ್ತು ಕಾದ ಮೇಲೆಯೇ ಅದನ್ನು ಬಿಡಿಸಬೇಕು. ಮನೆಯಲ್ಲೇ ಸೀಟು ಬಿಚ್ಚುವ ಉತ್ಸಾಹ ಇಲ್ಲಿ ಬೇಡ, ಬಲ್ಲವರಿಗೆ ಬಿಡಿ.

ಒದ್ದೆ ಮ್ಯಾಟಿಗೆಲ್ಲ ಸನ್‌ರೂಫೇ ಕಾರಣವಲ್ಲ. ಮಳೆಯೇ ಇಲ್ಲದೆ, ಎಸಿ ಓಡಿಸಿದ ದಿನ ಎಡಗಡೆ ಕಾಲಡಿ ಒದ್ದೆಯಾದರೆ ಎಸಿ ನೀರಿನ ಪೈಪ್ ನೋಡಬೇಕು. ನೀರಿಗೆ ಜಿಡ್ಡು, ಸಿಹಿ ವಾಸನೆ ಇದ್ದರೆ ಅದು ಹೀಟರಿನಿಂದ ಬಂದ ಕೂಲಂಟ್. ಬಾಗಿಲಿನ ಅಂಚಿನಲ್ಲಿ ಒದ್ದೆ ಕಂಡರೆ ಬಾಗಿಲಿನ ಪ್ಯಾಡ್ ಹಿಂದಿನ ಪ್ಲಾಸ್ಟಿಕ್ ಹಾಳೆಯ ಅಂಟು ಬಿಟ್ಟಿರಬಹುದು. ಇವುಗಳಲ್ಲಿ ಯಾವುದೂ ಸನ್‌ರೂಫ್ ಬದಲಿಸಿದರೆ ನಿಲ್ಲುವುದಿಲ್ಲ. ಆದ್ದರಿಂದ ಸೋರಿಕೆಯ ಜಾಗ ಹುಡುಕುವ ಕೆಲಸಕ್ಕೇ ಪ್ರತ್ಯೇಕ ಲೇಬರ್ ಕೇಳಿದರೆ ಸಂತೋಷದಿಂದ ಕೊಡಬೇಕು ಎನ್ನುವುದು ಈ ಅಂಕಣಕಾರ್ತಿಯ ಖಚಿತ ಅಭಿಪ್ರಾಯ. ಗಾಜಿನ ಸುತ್ತ ಸಿಲಿಕೋನ್ ಬಳಿದು ಸನ್‌ರೂಫನ್ನು ಶಾಶ್ವತವಾಗಿ ಮುಚ್ಚುವ ಅಗ್ಗದ ಉಪಾಯಕ್ಕೆ ಮಾತ್ರ ಒಂದು ರೂಪಾಯಿಯೂ ಬೇಡ. ಬಿಸಿಲಿಗೆ ಅದು ಬಿರಿದ ದಿನ ನೀರು ಮತ್ತೆ ಇಳಿಯುತ್ತದೆ, ಪೈಪಿನ ಬಾಯಿ ತಲುಪುವ ದಾರಿಯೂ ಮುಚ್ಚಿಹೋಗಿರುತ್ತದೆ.

ವಿಮೆ ಇದೆಯಲ್ಲ ಎನ್ನುವವರು ಪಾಲಿಸಿಯ ಹೊರಗಿಡುವಿಕೆಗಳ ಪಟ್ಟಿ ಓದಬೇಕು. ಸವೆತ, ಯಾಂತ್ರಿಕ ಅಥವಾ ವಿದ್ಯುತ್ ವೈಫಲ್ಯ, ಪರಿಣಾಮವಾಗಿ ಬಂದ ನಷ್ಟ ಇವು ಸಾಮಾನ್ಯ ಕಾರು ಪಾಲಿಸಿಯಲ್ಲಿ ಸೇರುವುದಿಲ್ಲ. ಕಟ್ಟಿಕೊಂಡ ಪೈಪು ನಿರ್ವಹಣೆಯ ಲೆಕ್ಕಕ್ಕೇ ಹೋಗುತ್ತದೆ. ಕ್ಲೇಮ್ ಒಪ್ಪಿದರು ಎಂದೇ ಇಟ್ಟುಕೊಳ್ಳೋಣ. ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಶೇ 50, ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಗಳಿಗೂ ಶೇ 50 ಸವಕಳಿ ಕಳೆಯುತ್ತಾರೆ. ಅದರ ಮೇಲೆ 1,500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡ ಎಂಜಿನ್ನಿಗೆ 2,000 ರೂಪಾಯಿ ಮಾಲೀಕರದ್ದೇ.

ನೋ ಕ್ಲೇಮ್ ಬೋನಸ್ಸಿನ ಲೆಕ್ಕ ಇನ್ನೂ ಮುಖ್ಯ. ಕಾರಿನ ಸ್ವಂತ ಹಾನಿಯ ಪ್ರೀಮಿಯಂ 10,000 ರೂಪಾಯಿ, ಬೋನಸ್ ಶೇ 50 ಎಂದುಕೊಂಡರೆ, ಒಂದು ಕ್ಲೇಮಿನ ನಂತರ ಅದು ಸೊನ್ನೆಗೆ ಇಳಿದು, ಮತ್ತೆ 20, 25, 35, 45 ಎಂದು ಏರಿ 50 ಮುಟ್ಟಬೇಕು. ಪ್ರೀಮಿಯಂ ಬದಲಾಗದಿದ್ದರೂ ಆ ಐದು ನವೀಕರಣಗಳಲ್ಲಿ ಕೈತಪ್ಪುವ ಹಣ 5,000, 3,000, 2,500, 1,500, 500. ಒಟ್ಟು 12,500 ರೂಪಾಯಿ. ಒಂದು ಲೋಟ ನೀರಿನಿಂದ ಪತ್ತೆಯಾಗುವ ತೊಂದರೆಗೆ ಇಷ್ಟು ಬೆಲೆ ತೆರುವ ಅಗತ್ಯವಿಲ್ಲ.

ಇದು ಹಳೆಯ ಕಾರಿಗೆ ಮಾತ್ರ ಅಂಟಿದ ಸಮಸ್ಯೆಯೂ ಅಲ್ಲ. ಅಮೆರಿಕದ ನ್ಯೂಜೆರ್ಸಿಯ ಫೆಡರಲ್ ಕೋರ್ಟಿನಲ್ಲಿ ಫೋಕ್ಸ್‌ವ್ಯಾಗನ್ ಮತ್ತು ಆಡಿ ಕಾರುಗಳ ಸನ್‌ರೂಫ್ ಸೋರಿಕೆ ಕುರಿತು 2007ರಲ್ಲಿ ಹೂಡಿದ ದಾವೆಯಲ್ಲಿ 80 ಲಕ್ಷ ಡಾಲರಿನ ಪರಿಹಾರ ನಿಧಿಯ ಒಪ್ಪಂದವಾಗಿತ್ತು; ಪರಿಹಾರ ಹಂಚುವ ಬಗೆ ಮೇಲ್ಮನವಿ ಕೋರ್ಟಿನವರೆಗೂ ಹೋಯಿತು. ಆ ಒಪ್ಪಂದದಲ್ಲಿ ಹಣದ ಜೊತೆಗೆ, ಸನ್‌ರೂಫ್ ನಿರ್ವಹಣೆ ಹೇಗೆ ಎಂದು ಮಾಲೀಕರಿಗೆ ತಿಳಿಸಿಕೊಡುವ ಷರತ್ತೂ ಇತ್ತು. ನಮ್ಮಲ್ಲಿ ಈಗ ಸಣ್ಣ ಕಾರುಗಳಿಗೂ ಸನ್‌ರೂಫ್ ಬಂದಿದೆ. ಇಂದು ಹೊಸದಾಗಿ ರಸ್ತೆಗಿಳಿಯುತ್ತಿರುವ ಈ ಕಾರುಗಳೆಲ್ಲ ಇನ್ನು ಕೆಲವು ವರ್ಷಗಳಲ್ಲಿ ಹಳೆ ಕಾರಿನ ಮಾರುಕಟ್ಟೆಗೆ ಬರಲಿವೆ.

ಅಂಥ ಕಾರು ಕೊಳ್ಳಲು ಹೋದಾಗ ಚಾಲನೆ ನೋಡುವ ಮೊದಲೇ ಮ್ಯಾಟ್ ಎತ್ತಿ ನೆಲವನ್ನು ಅಂಗೈಯಿಂದ ಒತ್ತಿ ನೋಡಿ. ಸೀಟಿನ ಹಳಿಗಳಲ್ಲಿ ತುಕ್ಕು, ಪಿಲ್ಲರ್ ಹತ್ತಿರದ ರೂಫ್ ಬಟ್ಟೆಯಲ್ಲಿ ಕಂದು ಕಲೆ, ಡಿಕ್ಕಿಯ ಸ್ಟೆಪ್ನಿ ಗುಂಡಿಯಲ್ಲಿ ತೇವ ಇದ್ದರೆ ಲೋಟದ ಪರೀಕ್ಷೆ ಮಾಡಿಸದೆ ಮುಂಗಡ ಕೊಡಬೇಡಿ. ಸುಗಂಧದ ಡಬ್ಬಿ ಹೊಸದಾಗಿ ತೂಗುಹಾಕಿದ್ದರೆ ಅದನ್ನು ಹೊರಗಿಟ್ಟು, ಗಾಜು ಮುಚ್ಚಿ ಅರ್ಧ ಗಂಟೆ ಬಿಸಿಲಿನಲ್ಲಿ ನಿಲ್ಲಿಸಿ ಬಾಗಿಲು ತೆರೆಯಿರಿ, ಸ್ಪಂಜಿನಲ್ಲಿ ನೀರಿದ್ದರೆ ವಾಸನೆಯಲ್ಲಿ ಗೊತ್ತಾಗುತ್ತದೆ. ಪೈಪ್ ಕಟ್ಟಿಕೊಂಡಿದ್ದಷ್ಟೇ ಆದರೆ ಕಾರು ಬಿಡಬೇಕಿಲ್ಲ, ಮ್ಯಾಟಿಂಗ್ ಬಿಚ್ಚಿ ಒಣಗಿಸುವ ಲೇಬರನ್ನು ಬೆಲೆಯಲ್ಲಿ ಕಳೆಯಲು ಕೇಳಿ. ಎಚ್ಚರಿಕೆ ದೀಪಗಳು ಬಂದು ಹೋಗುತ್ತಿದ್ದರೆ, ಪವರ್ ವಿಂಡೋ ತಾನಾಗಿ ನಿಲ್ಲುತ್ತಿದ್ದರೆ ನೀರು ವೈರಿಂಗ್‌ವರೆಗೆ ಹೋಗಿದೆಯೇ ಎಂದು ಬಲ್ಲವರಿಂದ ನೋಡಿಸಿ. ಹೋಗಿದ್ದರೆ ಎಷ್ಟು ಚೌಕಾಸಿ ಮಾಡಿದರೂ ಆ ಕಾರು ದುಬಾರಿಯೇ.