ಸಭೆಯ ನಂತರ ಹತ್ತು ನಿಮಿಷ ವಿಡಿಯೋ



ಉಳಿತಾಯ, ಸಾಲ ಮರುಪಾವತಿಯ ಲೆಕ್ಕ ಮುಗಿದ ಮೇಲೆ ಮಕ್ಕಳನ್ನೂ ಕೂರಿಸಿಕೊಂಡು ಮೊಬೈಲ್‌ನಲ್ಲಿ ಒಂದು ವಿಜ್ಞಾನದ ವಿಡಿಯೋ ನೋಡಿ. ಮೊದಲಿಗೆ ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಯದೇ ಆಗಲಿ. ದೊಡ್ಡ ಹಕ್ಕಿಯ ಕೊಕ್ಕಿನ ಚೀಲದೊಳಗೆ ಮರಿ ತಲೆ ತೂರಿಸಿ ಮೀನು ತಿನ್ನುತ್ತದೆ. ಮರದ ಕೆಳಗೆ ನಿಂತರೆ ಇದು ಸರಿಯಾಗಿ ಕಾಣೋದಿಲ್ಲ, ವಿಡಿಯೋದಲ್ಲಿ ಕಾಣುತ್ತೆ.

ವಿಡಿಯೋದಲ್ಲಿ ಕಾಣದ್ದೂ ಉಂಟು. ಊರೊಳಗಿನ ಹುಣಸೆ ಮರದಲ್ಲಿ ಗೂಡಿದ್ದರೆ ಆ ಮನೆಯವರು ಹಣ್ಣು ಬಡಿಯೋಕೆ ಹೋಗಲ್ಲ. ಅರಣ್ಯ ಇಲಾಖೆ ಪರಿಹಾರದ ವ್ಯವಸ್ಥೆ ಮಾಡಿದೆ. ಆದರೂ ಒಂದು ಮರದ ಹುಣಸೆ ಅಂದರೆ ಎಷ್ಟು ದುಡ್ಡು ಅಂತ ನಿಮಗೇ ಗೊತ್ತು. ಗುಂಪಿನಲ್ಲಿ ಲೆಕ್ಕ ಹಾಕಿ ನೋಡಿ. ಆ ಊರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಗಿದ್ದರ ಹಿಂದೆ ಈ ಲೆಕ್ಕವೂ ಇದೆ.

ಮುಂದಿನ ಸಭೆಗೆ ಚಂದ್ರಯಾನ-3. 2023ರ ಆಗಸ್ಟ್ 23ರ ಸಂಜೆ ನೇರ ಪ್ರಸಾರದಲ್ಲಿ ಇಳಿಯುತ್ತಾ ಕಂಡದ್ದು ಕಂಪ್ಯೂಟರ್ ಬರೆದ ಚಿತ್ರ. ನೌಕೆಯ ಕ್ಯಾಮೆರಾ ತೆಗೆದ ವಿಡಿಯೋ ಆಮೇಲೆ ಬಂತು. ಎರಡನ್ನೂ ತೋರಿಸಿ, ಯಾವುದು ಯಾವುದು ಅಂತ ಮಕ್ಕಳೇ ಗುರುತಿಸಲಿ. ಹೆಜ್ಜಾರ್ಲೆ ರೆಕ್ಕೆ ಅಗಲಿಸಿ, ಗಾಳಿಗೆ ಒಡ್ಡಿ ವೇಗ ತಗ್ಗಿಸುತ್ತದೆ. ಚಂದ್ರನಲ್ಲಿ ಗಾಳಿಯಿಲ್ಲ, ಹಾಗಾಗಿ ವಿಕ್ರಮ್ ನೌಕೆ ಎಂಜಿನ್ ಉರಿಸಿಕೊಂಡೇ ಇಳಿಯಬೇಕಾಯಿತು. ಹಾಗಾದರೆ ಚಂದ್ರನಲ್ಲಿ ಹೆಜ್ಜಾರ್ಲೆಯ ರೆಕ್ಕೆ ಕೆಲಸಕ್ಕೆ ಬರುತ್ತಾ? ಈ ಪ್ರಶ್ನೆ ಮಕ್ಕಳಿಗೆ ಬಿಡಿ.