ತೋಟ ಕಾಯುವ ನಾಯಿಯ ಊಟ

ನಮ್ಮ ಕಳಸ, ಸಂಸೆ, ಹಿರೇಬೈಲು ಕಡೆಯ ಹಿಡುವಳಿಗಳಲ್ಲಿ ನಾಯಿಯಿಲ್ಲದ ಮನೆ ಅಪರೂಪ. ಹಗಲಿಡೀ ಮಂಗನನ್ನು ಅಟ್ಟಬೇಕು, ರಾತ್ರಿ ಹಂದಿ ಬಂದರೆ ಎಬ್ಬಿಸಬೇಕು, ಕಣದಲ್ಲಿ ಕಾಫಿ, ಅಂಗಳದಲ್ಲಿ ಅಡಿಕೆ ಹರಡಿದಾಗ ಕಾವಲಿರಬೇಕು. ಎಲೆಚುಕ್ಕಿ ರೋಗ ಬಂದ ಮೇಲೆ ಅಡಿಕೆಯ ಫಸಲು ಕುಸಿದ ಸಣ್ಣ ತೋಟಗಳಲ್ಲಿ ಬಾಳೆ, ಏಲಕ್ಕಿಯ ಪುಡಿಗಾಸನ್ನೂ ನೆಚ್ಚಬೇಕಾಗಿದೆ. ಮಂಗ ಮೊದಲು ಕೈ ಹಾಕುವುದು ಅವಕ್ಕೇ. ಆದ್ದರಿಂದ ಗೊಬ್ಬರದ ಲೆಕ್ಕ ಬರೆಯುವ ಈ ಪುಟದಲ್ಲಿ ನಾಯಿಯ ಊಟದ ಲೆಕ್ಕ ಬರೆಯಲು ನಮಗೆ ಸಂಕೋಚವಿಲ್ಲ.

ಸಾಮಾನ್ಯವಾಗಿ ನಾವು ಹಾಕುವುದೇನು? ರಾತ್ರಿ ಉಳಿದ ಅನ್ನ, ಅದರ ಮೇಲೆ ಸಾರಿನ ತಿಳಿ. ಅರ್ಧ ಕಿಲೋ ಅನ್ನವೆಂದರೆ ತಟ್ಟೆ ತುಂಬ ಕಾಣುತ್ತದೆ. ಆದರೆ ಅದರಲ್ಲಿರುವುದು ಸುಮಾರು 650 ಕ್ಯಾಲೊರಿ, 13 ಗ್ರಾಂ ಸಸಾರಜನಕ. 20 ಕಿಲೋ ತೂಕದ, ಚುರುಕಾಗಿ ಓಡಾಡುವ ನಾಯಿಗೆ ದಿನಕ್ಕೆ ಸುಮಾರು 1,200 ಕ್ಯಾಲೊರಿ ಬೇಕು. ಗುಡ್ಡ ಹತ್ತಿ ಇಳಿದು ಮಂಗನ ಹಿಂದೆ ಓಡುವ ದಿನಗಳಲ್ಲಿ ಅದರ ಒಂದೂವರೆ ಪಾಲು ಬೇಕಾದೀತು. ಸಸಾರಜನಕ 50ರಿಂದ 60 ಗ್ರಾಂ ಇದ್ದರೆ ಒಳ್ಳೆಯದು. ಅಂದರೆ ಹೊಟ್ಟೆ ತುಂಬಿದಂತೆ ಕಂಡ ನಾಯಿ ಅರ್ಧ ಹಸಿವಿನಲ್ಲೇ ಇದೆ. ಇಂಥ ನಾಯಿ ಮನೆಯಲ್ಲಿ ನಿಲ್ಲುವುದಿಲ್ಲ. ಲೈನು ಮನೆಗಳ ಕೋಳಿಗೆ ಬಾಯಿ ಹಾಕುತ್ತದೆ, ಪೇಟೆಯ ತಿಪ್ಪೆ ಹುಡುಕಿ ಹೋಗುತ್ತದೆ, ಕತ್ತಲಲ್ಲಿ ಒಂಟಿಯಾಗಿ ತಿರುಗುವಾಗ ಚಿರತೆಯ ಪಾಲಾಗುತ್ತದೆ. ನಾಯಿ ಕಳ್ಳಬುದ್ಧಿಯದು ಎಂದು ದೂರುವ ಸದಸ್ಯರು ಮೊದಲು ಅದರ ತಟ್ಟೆ ನೋಡಬೇಕು.

ಹಾಗೆಂದು ಅನ್ನವೇ ಕೆಟ್ಟದ್ದಲ್ಲ. ನಾಯಿ ತೋಳದ ವಂಶದ್ದು, ಅದಕ್ಕೆ ಮಾಂಸ ಬಿಟ್ಟು ಬೇರೇನೂ ಸಲ್ಲದು ಎನ್ನುವವರಿದ್ದಾರೆ. 2013ರಲ್ಲಿ ಸ್ವೀಡನ್ನಿನ ಉಪ್ಸಾಲದ ವಿಜ್ಞಾನಿಗಳು ತೋರಿಸಿದ್ದೇನೆಂದರೆ, ಪಿಷ್ಟ ಜೀರ್ಣಿಸುವ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚು. ಮನುಷ್ಯನ ಜೊತೆ ಬಾಳಿ ನಾಯಿ ಅನ್ನ, ಮುದ್ದೆ ಅರಗಿಸಲು ಕಲಿತಿದೆ. ಮೆತ್ತಗೆ ಬೇಯಿಸಿರಬೇಕು, ಅಷ್ಟೆ. ಬರೀ ಮಾಂಸ ಹಾಕಿದರೂ ತೊಂದರೆಯೇ. ಮಾಂಸದಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಅತ್ಯಲ್ಪ. ಆ ಕೊರತೆಯನ್ನು ದೇಹ ಮೂಳೆಯಿಂದಲೇ ತೆಗೆದು ತುಂಬಿಸಿಕೊಳ್ಳುತ್ತದೆ. ಬೆಳೆಯುವ ಮರಿಗಳ ಕಾಲು ಸೊಟ್ಟಗಾಗುವುದಕ್ಕೆ, ಸಣ್ಣ ಪೆಟ್ಟಿಗೆ ಮೂಳೆ ಮುರಿಯುವುದಕ್ಕೆ ಇದೂ ಒಂದು ಕಾರಣ.

20 ಕಿಲೋ ತೂಕದ ನಾಯಿಗೆ ದಿನದ ಅಡುಗೆ ಹೀಗಿರಬಹುದು. ನುಚ್ಚಕ್ಕಿ ಅಥವಾ ರಾಗಿಹಿಟ್ಟು 150 ಗ್ರಾಂ, ನೆನೆಸಿದ ಹುರುಳಿ ಒಂದು ಮುಷ್ಟಿ (ಒಣಗಿದ್ದು 30 ಗ್ರಾಂ), ಭೂತಾಯಿ ಮೀನು ಅಥವಾ ಕೋಳಿಯ ಮಾಂಸ 200 ಗ್ರಾಂ, ಮೊಟ್ಟೆ ಒಂದು, ಸಿಹಿಗುಂಬಳದ ನಾಲ್ಕು ಹೋಳು. ಹುರುಳಿಯನ್ನು ಚೆನ್ನಾಗಿ ಬೇಯಿಸಿ ಮಸೆಯಬೇಕು; ಇಡಿಯಾಗಿ ಹಾಕಿದರೆ ಹಾಗೆಯೇ ಹೊರಬರುತ್ತದೆ. ಇಳಿಸಿದ ಮೇಲೆ ಕಡಲೆಕಾಯಿ ಅಥವಾ ಸೂರ್ಯಕಾಂತಿ ಎಣ್ಣೆ ಒಂದು ದೊಡ್ಡ ಚಮಚ. ನಮ್ಮಲ್ಲಿ ಕೊಬ್ಬರಿ ಎಣ್ಣೆ ಕೈಗೆ ಸಿಗುವುದು ನಿಜ, ಆದರೆ ಚರ್ಮಕ್ಕೂ ಕೂದಲಿಗೂ ಬೇಕಾದ ಲಿನೋಲಿಯಿಕ್ ಆಮ್ಲ ಅದರಲ್ಲಿ ತೀರಾ ಕಡಿಮೆ. ಅಯೋಡಿನ್ ಇರುವ ಅಡುಗೆ ಉಪ್ಪು ಒಂದು ಚಿಟಿಕೆ ಸಾಕು.

ಭೂತಾಯಿಯನ್ನು ಪ್ರೆಷರ್ ಕುಕ್ಕರಿನಲ್ಲಿ ಮುಳ್ಳು ಕರಗುವವರೆಗೆ ಬೇಯಿಸಿದರೆ ಸುಣ್ಣದ ಅಂಶ ಅದರಿಂದಲೇ ಬರುತ್ತದೆ. ಮೂಳೆಯಿಲ್ಲದ ಮಾಂಸ ಹಾಕುವ ದಿನ ಮೊಟ್ಟೆಯ ಚಿಪ್ಪನ್ನು ಒಣಗಿಸಿ ನುಣ್ಣಗೆ ಪುಡಿ ಮಾಡಿ ಮುಕ್ಕಾಲು ಟೀ ಚಮಚ ಬೆರೆಸಬೇಕು. ಮಳೆಗಾಲದಲ್ಲಿ ಹಸಿ ಮೀನು ಬರದಿದ್ದಾಗ ಒಣಮೀನು ಉಂಟು. ಅದನ್ನು ನೆನೆಸಿ ಎರಡು ಸಲ ನೀರು ಚೆಲ್ಲದೆ ಹಾಕಬಾರದು, ಉಪ್ಪು ವಿಪರೀತ. ಈಲಿ ವಾರಕ್ಕೊಮ್ಮೆ ಸ್ವಲ್ಪ ಸಾಕು, ದಿನವೂ ಹಾಕಿದರೆ ಎ ಜೀವಸತ್ವ ಹೆಚ್ಚಾಗಿ ಕಾಯಿಲೆ ತರುತ್ತದೆ.

ಕೆಲಸ ಹೆಚ್ಚಿದಾಗ ಅನ್ನವನ್ನಷ್ಟೇ ಹೆಚ್ಚಿಸುವುದು ನಮ್ಮ ರೂಢಿ. ಅದರ ಬದಲು ಎಣ್ಣೆ ಇನ್ನೊಂದು ಚಮಚ, ಮೀನು 100 ಗ್ರಾಂ, ನುಚ್ಚು 50 ಗ್ರಾಂ ಸೇರಿಸಬೇಕು. ಬಹಳ ಹೊತ್ತು ಓಡುವ ನಾಯಿಗೆ ಮುಖ್ಯ ಇಂಧನ ಜಿಡ್ಡೇ. ಇದನ್ನು ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿಸಬೇಕು, ಇಲ್ಲವಾದರೆ ಭೇದಿ ಖಂಡಿತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೊಯ್ದ ಮೈಯಲ್ಲಿ ತಿರುಗುವ ನಾಯಿ ಬೆಚ್ಚಗಿರಲಿಕ್ಕೂ ಶಕ್ತಿ ಖರ್ಚು ಮಾಡುತ್ತದೆ ಎಂಬುದು ಲೆಕ್ಕದಲ್ಲಿರಲಿ.

ಸಸ್ಯಾಹಾರದ ಮನೆಗಳವರು ಕೇಳುವ ಪ್ರಶ್ನೆ ನಮಗೆ ಗೊತ್ತು. ಮೊಸರನ್ನದಲ್ಲಿ ಬೆಳೆದ ನಾಯಿಗಳು ಬದುಕುತ್ತವೆ. ಓಡಿ ದುಡಿಯಬೇಕಾದರೆ ಅಷ್ಟು ಸಾಲದು. 50 ಗ್ರಾಂ ಸೋಯಾ ತುಂಡು ಬೇಯಿಸಿ ಹಾಕಿದರೆ ಸುಮಾರು 25 ಗ್ರಾಂ ಸಸಾರಜನಕ ಬರುತ್ತದೆ. ಜೊತೆಗೆ ಹುರುಳಿ, ಕಾಲು ಲೀಟರ್ ಮೊಸರು, ಎಣ್ಣೆ. ಕೊಟ್ಟಿಗೆಯ ಒಲೆಯಲ್ಲಿ ಎರಡು ಮೊಟ್ಟೆ ಬೇಯಿಸಲು ಮನೆಯ ಹಿರಿಯರು ಒಪ್ಪಿದರೆ ಇನ್ನೂ ಒಳ್ಳೆಯದು. ಒಪ್ಪಿಸುವ ಕೆಲಸ ಸಂಘದ್ದಲ್ಲ.

ಈಚೆಗೆ ಕೆಲವರು ಮುಧೋಳ ನಾಯಿ ತರಿಸುತ್ತಿದ್ದಾರೆ. ಬಾಗಲಕೋಟೆ ಜಿಲ್ಲೆಯ ಈ ತಳಿಗೆ 2005ರಲ್ಲಿ ಅಂಚೆ ಚೀಟಿಯ ಗೌರವವೂ ಸಿಕ್ಕಿದೆ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಬಯಲಿನಲ್ಲಿ ಮೊಲದ ಬೆನ್ನಟ್ಟಲು ಬೆಳೆದ ಓಟದ ನಾಯಿ ಇದು. ಹುಟ್ಟಾ ಸಪೂರ, ಕೊನೆಯ ಎರಡು ಮೂರು ಪಕ್ಕೆಲುಬು ಕಂಡರೆ ಉಪವಾಸವೆಂದು ತಿಳಿದು ತುರುಕಬಾರದು. ಬೇರೆ ನಾಯಿಗಳಲ್ಲಿ ಪಕ್ಕೆಲುಬು ಕಣ್ಣಿಗೆ ಕಾಣದೆ ಕೈಗೆ ಸಿಗಬೇಕು. ಆಳವಾದ ಎದೆಯ ಇಂಥ ತಳಿಗಳಲ್ಲಿ ಹೊಟ್ಟೆ ಉಬ್ಬರಿಸಿ ಜಠರ ತಿರುಚಿಕೊಳ್ಳುವ ಅಪಾಯವೂ ಹೆಚ್ಚು. ಹಾಗಾದರೆ ಕೆಲವೇ ಗಂಟೆಗಳಲ್ಲಿ ಸಾವು. ಯಾವ ನಾಯಿಗಾದರೂ ಬೆಳಿಗ್ಗೆ ಕಾಲು ಭಾಗ, ಸಂಜೆ ಓಟ ಮುಗಿದು ಒಂದು ಗಂಟೆ ದಣಿವಾರಿದ ಮೇಲೆ ಮುಕ್ಕಾಲು ಭಾಗ ಹಾಕುವುದು ಸರಿಯಾದ ಕ್ರಮ. ರಾತ್ರಿ ಕಾವಲಿಗೆ ಬಿಡುವವರು ಸಂಜೆಯ ಊಟ ಬೇಗ ಮುಗಿಸಲಿ.

ಹಾಕಬಾರದ್ದನ್ನೂ ಹೇಳಬೇಕು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣ ಒಡೆಯುತ್ತವೆ. ಸಾರಿನ ತಿಳಿಯಲ್ಲಿ ಹೋಗುವುದು ಇವೇ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಹಾನಿ. ಬೇಯಿಸಿದ ಕೋಳಿಮೂಳೆ ಚೂಪಾಗಿ ಸಿಗಿದು ಕರುಳು ಚುಚ್ಚುತ್ತದೆ. ಕಣದ ಕಾಫಿಬೀಜದಲ್ಲಿ ಕೆಫೀನ್, ಅಡಿಕೆ ತೋಟದ ಕೋಕೋ ಬೀಜದಲ್ಲಿ ಥಿಯೋಬ್ರೊಮಿನ್. ಎರಡೂ ನಾಯಿಯ ಹೃದಯಕ್ಕೆ ವಿಷ. ಬೋರ್ಡೋ ದ್ರಾವಣದ ಡ್ರಮ್ಮಿನ ಬಳಿ ಕುಡಿಯುವ ನೀರಿಲ್ಲದಿದ್ದರೆ ನಾಯಿ ಅದಕ್ಕೇ ನಾಲಿಗೆ ಹಾಕೀತು.

ಇನ್ನು ನಮ್ಮ ಅಡಿಕೆಯದೇ ಒಂದು ಕಥೆಯಿದೆ. ಅದರಲ್ಲಿರುವ ಅರೆಕೋಲಿನ್ ಎಂಬ ದ್ರವ್ಯವನ್ನು ನಾಯಿಯ ಲಾಡಿಹುಳು ಕೆಡವಲು ಹಿಂದೆ ಬಳಸುತ್ತಿದ್ದರು. ಕುರಿಗಳ ನಾಡಾದ ನ್ಯೂಜಿಲೆಂಡಿನಲ್ಲಿ ಸಾಕುನಾಯಿಗಳಿಗೆಲ್ಲ ಇದನ್ನು ಕುಡಿಸಿ ಭೇದಿ ಮಾಡಿಸಿದ ಕಾಲವಿತ್ತು. ಇದನ್ನು ಓದಿ ಯಾರೂ ಅಡಿಕೆ ಅರೆದು ಕುಡಿಸಬಾರದು. ಪ್ರಮಾಣ ತುಸು ತಪ್ಪಿದರೂ ಜೊಲ್ಲು ಸುರಿಸಿ, ವಾಂತಿ ಮಾಡಿ ಕುಸಿಯುತ್ತದೆ. ಆ ಜಾಗಕ್ಕೆ ಈಗ ಪ್ರಾಜಿಕ್ವಾಂಟೆಲ್ ಮಾತ್ರೆ ಬಂದಿದೆ. ಮೂರು ತಿಂಗಳಿಗೊಮ್ಮೆ ತೂಕ ನೋಡಿ ಪಶುವೈದ್ಯರು ಹೇಳಿದಂತೆ ಜಂತುವಿನ ಔಷಧ ಕೊಟ್ಟರೆ ಸಾಕು. ಹಸಿ ಕರುಳು, ಶ್ವಾಸಕೋಶಗಳನ್ನು ನಾಯಿಗೆ ಎಸೆಯುವ ಅಭ್ಯಾಸ ಇರುವವರೆಗೆ ಹುಳುವೂ ಇರುತ್ತದೆ.

ಇಷ್ಟೆಲ್ಲ ಹಾಕಿಯೂ ಮೈ ಹತ್ತದೆ, ಒಸಡು ಬೆಳ್ಳಗಾಗಿ, ಹಳೆಯ ಓಟವಿಲ್ಲದೆ ಮಲಗಿಯೇ ಇರುವ ನಾಯಿಗೆ ಬೇಕಾದ್ದು ಇನ್ನಷ್ಟು ಊಟವಲ್ಲ. ಕಿವಿಯೊಳಗೆ, ಬೆರಳಿನ ಸಂದಿಯಲ್ಲಿ ಉಣುಗು ಹುಡುಕಿ. ಅದರಿಂದ ಬರುವ ಜ್ವರಕ್ಕೆ ಔಷಧವಿದೆ. ರಕ್ತ ಪರೀಕ್ಷೆಗೆ ಆ ವಾರದಲ್ಲೇ ಕರೆದೊಯ್ಯಿರಿ.